ಜೋಸೆಫ್ ಕಾನ್‌ಸ್ಟಂಟೈನ್ ಕಾರ್ಪ್ಯೂ

ಜೋಸೆಫ್ ಕಾನ್‌ಸ್ಟಂಟೈನ್ ಕಾರ್ಪ್ಯೂ (ಮೇ 4, 1764 – ಜನವರಿ 30, 1846) ಲಂಡನ್ನಿನ ಅಂಗರಚನಾಶಾಸ್ತ್ರಜ್ಞ ಹಾಗೂ ಶಸ್ತ್ರವೈದ್ಯ. ಹಣೆಯ ಚರ್ಮದಿಂದ ಮೂಗನ್ನು ಮತ್ತೆ ಕಟ್ಟುವ ಭಾರತೀಯ ವಿಧಾನವನ್ನು ಇಂಗ್ಲೆಂಡಿನಲ್ಲಿ ಮೊದಲು ಯಶಸ್ವಿಯಾಗಿ ನಡೆಸಿದವನು ಇವನೇ. ಆ ವಿದ್ಯೆಯ ಸುದ್ದಿ ಅವನನ್ನು ಮುಟ್ಟಿದ್ದು ಮೈಸೂರು ಯುದ್ಧವೊಂದರ ಮೂಲಕ.

ಆರಂಭಿಕ ಜೀವನ

ಕಾರ್ಪ್ಯೂ ಸ್ಪೇನ್ ಮೂಲದ ಕ್ಯಾಥೊಲಿಕ್ ಕುಟುಂಬದಲ್ಲಿ ಜನಿಸಿದನು. ಫ್ರಾನ್ಸಿನ ದುವೇ ಪಟ್ಟಣದಲ್ಲಿ ಓದಿದನು. ಪಾದ್ರಿಯಾಗುವುದು, ಪುಸ್ತಕ ವ್ಯಾಪಾರ, ವಕೀಲಿ, ರಂಗಭೂಮಿ ಎಲ್ಲವನ್ನೂ ಯೋಚಿಸಿ ಬಿಟ್ಟು, ಕಡೆಗೆ ಸೇಂಟ್ ಜಾರ್ಜ್ ಆಸ್ಪತ್ರೆಯಲ್ಲಿ ವೈದ್ಯ ಶಿಕ್ಷಣಕ್ಕೆ ಸೇರಿದನು.

ಬೋಧನೆ

ಅವನು ಸ್ವಂತವಾಗಿ ಅಂಗರಚನಾ ಪಾಠಶಾಲೆಯನ್ನು ತೆರೆದು ದೀರ್ಘಕಾಲ ನಡೆಸಿದನು. ಸೀಮೆಸುಣ್ಣ ಹಿಡಿದು ದೇಹದ ಭಾಗಗಳನ್ನು ಚಿತ್ರಿಸುತ್ತ ಪಾಠ ಹೇಳುವುದರಲ್ಲಿ ನಿಪುಣನಾಗಿದ್ದನು. 1801ರಲ್ಲಿ ಸ್ನಾಯುಗಳ ಕುರಿತು, 1803ರಲ್ಲಿ ವಿದ್ಯುಚ್ಛಕ್ತಿಯ ವೈದ್ಯಕೀಯ ಬಳಕೆಯ ಕುರಿತು ಗ್ರಂಥಗಳನ್ನು ಪ್ರಕಟಿಸಿದನು. ಶಿಲುಬೆಗೇರಿದ ಕ್ರಿಸ್ತನನ್ನು ಕಲಾವಿದರು ತಪ್ಪಾಗಿ ಚಿತ್ರಿಸುತ್ತಾರೆಯೇ ಎಂದು ಪರೀಕ್ಷಿಸಲು, 1801ರಲ್ಲಿ ಗಲ್ಲಿಗೇರಿದ ಜೇಮ್ಸ್ ಲೆಗ್ ಎಂಬಾತನ ಶವವನ್ನು ಶಿಲುಬೆಗೆ ಜಡಿಯಲಾಯಿತು. ಅದರ ಚರ್ಮ ಸುಲಿದವನು ಕಾರ್ಪ್ಯೂ, ಅಚ್ಚು ತೆಗೆದವನು ಶಿಲ್ಪಿ ಥಾಮಸ್ ಬ್ಯಾಂಕ್ಸ್. ಇಂದು ಓದುವಾಗ ಮನಸ್ಸಿಗೆ ಹಿಂಸೆಯಾಗುವ ಪ್ರಯೋಗವಿದು.

ಕವಾಸ್‌ಜಿಯ ಮೂಗು

ಮೂರನೆಯ ಮೈಸೂರು ಯುದ್ಧದಲ್ಲಿ, 1791ರ ಮಾರ್ಚ್‌ನಲ್ಲಿ, ಕಾರ್ನ್‌ವಾಲಿಸನ ಸೇನೆ ಬೆಂಗಳೂರು ಕೋಟೆಯನ್ನು ಹಿಡಿಯಿತು. ಆ ಕೋಟೆಯ ಉಳಿದ ಭಾಗ ಇಂದು ಕೃಷ್ಣರಾಜೇಂದ್ರ ಮಾರುಕಟ್ಟೆ, ಚಾಮರಾಜಪೇಟೆಗಳ ನೆರೆಯಲ್ಲಿದ್ದು, ಹತ್ತಿರದಲ್ಲಿಯೇ ಬೆಂಗಳೂರು ವೈದ್ಯಕೀಯ ಕಾಲೇಜು ಇದೆ. ಮರುವರ್ಷ ಸೇನೆ ಶ್ರೀರಂಗಪಟ್ಟಣವನ್ನು ಮುತ್ತಿತು. ಇಂಗ್ಲಿಷ್ ಸೇನೆಯಲ್ಲಿ ಎತ್ತು ಹೊಡೆಯುತ್ತಿದ್ದ ಕವಾಸ್‌ಜಿ ಎಂಬ ಮರಾಠನು ಟಿಪ್ಪುವಿನ ಕಡೆಯವರಿಗೆ ಸೆರೆಸಿಕ್ಕಿ, ಮೂಗನ್ನೂ ಒಂದು ಕೈಯನ್ನೂ ಕಳೆದುಕೊಂಡನೆಂದು ಆಂಗ್ಲ ವರದಿಗಳು ದಾಖಲಿಸಿವೆ.

ಸುಮಾರು ಒಂದು ವರ್ಷದ ಬಳಿಕ ಪುಣೆಯ ಬಳಿ, ಇಟ್ಟಿಗೆ ಮಾಡುವ ಕುಲದವನೊಬ್ಬನು ಅವನಿಗೆ ಹೊಸ ಮೂಗು ಕಟ್ಟಿದನು. ಮೊದಲು ಮೇಣದ ತೆಳು ಹಾಳೆಯನ್ನು ಮೂಗಿನ ಆಕಾರಕ್ಕೆ ಹೊಂದಿಸಿ, ಅದನ್ನು ಹಣೆಯ ಮೇಲೆ ಚಪ್ಪಟೆಯಾಗಿ ಹರಡಿ ಗೆರೆ ಎಳೆದನು. ಗೆರೆಯೊಳಗಿನ ಚರ್ಮವನ್ನು ಬಿಡಿಸಿದರೂ ಹುಬ್ಬುಗಳ ನಡುವಿನ ಪಟ್ಟಿಯನ್ನು ಕತ್ತರಿಸಲಿಲ್ಲ. ಅದರ ಮೂಲಕವೇ ರಕ್ತ ಹರಿಯಬೇಕು. ಚರ್ಮವನ್ನು ತಿರುಚಿ ಕೆಳಗಿಳಿಸಿ, ಮೂಗಿನ ಬುಡದ ಸುತ್ತ ಹೊಸದಾಗಿ ಕೊಯ್ದ ಗಾಯಕ್ಕೆ ಕೂಡಿಸಿದನು. ಹೊಲಿಗೆಯ ಬದಲು ನೀರಿನಲ್ಲಿ ಕಲಸಿದ ಕಾಚನ್ನು ಬಟ್ಟೆಗೆ ಬಳಿದು ಪದರ ಪದರವಾಗಿ ಅಂಟಿಸಿದನು. ನಮ್ಮಲ್ಲಿ ಎಲೆಅಡಿಕೆಯೊಂದಿಗೆ ಮೆಲ್ಲುವ ಕಾಚೇ ಅದು. ನಾಲ್ಕು ದಿನಗಳ ಬಳಿಕ ತುಪ್ಪದ ಬಟ್ಟೆ ಹಾಕಿ, ಸುಮಾರು 25ನೆಯ ದಿನ ಹುಬ್ಬಿನ ನಡುವಿನ ಪಟ್ಟಿಯನ್ನು ಕತ್ತರಿಸಿದನು. ಸುಶ್ರುತಸಂಹಿತೆಯಲ್ಲಿ ಕೆನ್ನೆಯ ಚರ್ಮ ಬಳಸುವ ಕ್ರಮವಿದೆ. ಹಣೆಯದು ಅದಕ್ಕಿಂತ ಬೇರೆ.

1794ರ ಅಕ್ಟೋಬರ್‌ನಲ್ಲಿ ಲಂಡನ್ನಿನ ಜಂಟಲ್‌ಮನ್ಸ್ ಮ್ಯಾಗಝೀನ್ ಇದನ್ನು ಚಿತ್ರಸಹಿತ ಪ್ರಕಟಿಸಿತು. ರೋಗಿಯ ಹೆಸರು ಅಚ್ಚಾಯಿತು, ಶಸ್ತ್ರಕ್ರಿಯೆ ಮಾಡಿದವನ ಹೆಸರು ಮಾತ್ರ ಅಚ್ಚಾಗಲಿಲ್ಲ. ಇದು ಅನ್ಯಾಯವೆಂದೇ ಹೇಳಬೇಕು.

1814ರ ಶಸ್ತ್ರಕ್ರಿಯೆ

ಕಾರ್ಪ್ಯೂ ಈ ವಿಧಾನವನ್ನು ಶವಗಳ ಮೇಲೆ ಅಭ್ಯಾಸ ಮಾಡಿದನು. ಪುಣೆಯಲ್ಲಿ ರೆಸಿಡೆಂಟ್ ಆಗಿದ್ದ ಸರ್ ಚಾರ್ಲ್ಸ್ ಮ್ಯಾಲೆಟ್‌ನಿಂದಲೂ ವಿಚಾರಿಸಿ ತಿಳಿದನು. 1814ರ ಅಕ್ಟೋಬರ್ 23ರಂದು, ಪಾದರಸದ ಚಿಕಿತ್ಸೆಯಿಂದ ಮೂಗು ಕಳೆದುಕೊಂಡಿದ್ದ ಸೇನಾಧಿಕಾರಿಯೊಬ್ಬನಿಗೆ ಹಣೆಯ ಚರ್ಮದಿಂದ ಮೂಗು ಕಟ್ಟಿದನು. ಅಲ್ಬುಯೆರಾ ಕದನದಲ್ಲಿ ಗಾಯಗೊಂಡಿದ್ದ ಕ್ಯಾಪ್ಟನ್ ಲೇಥಮ್ ಎರಡನೆಯ ರೋಗಿ. ಎರಡೂ ಫಲಿಸಿದವು. 1816ರಲ್ಲಿ ಕಾರ್ಪ್ಯೂ ಇವುಗಳ ವಿವರವನ್ನು ಪುಸ್ತಕವಾಗಿ ಹೊರತಂದನು. ಮೂಲವು ಭಾರತದ್ದೆಂಬುದನ್ನು ಅವನು ಅದರಲ್ಲಿ ಮರೆಮಾಚಲಿಲ್ಲ. ಬರ್ಲಿನ್ನಿನ ಗ್ರೇಫ್ ಮೊದಲಾದವರು ಈ ವಿದ್ಯೆಯನ್ನು ಮುಂದುವರಿಸಿದರು.

ನಿಧನ

ರಾಯಲ್ ಸೊಸೈಟಿಯ ಸದಸ್ಯನಾಗಿದ್ದ ಕಾರ್ಪ್ಯೂ 1846ರ ಜನವರಿಯಲ್ಲಿ ಲಂಡನ್ನಿನಲ್ಲಿ ತೀರಿಕೊಂಡನು. ಈಥರ್ ಅರಿವಳಿಕೆಯ ಪ್ರಸಿದ್ಧ ಪ್ರದರ್ಶನ ಬಾಸ್ಟನ್ನಿನಲ್ಲಿ ನಡೆದದ್ದು ಅದೇ ವರ್ಷದ ಅಕ್ಟೋಬರ್‌ನಲ್ಲಿ. ಕವಾಸ್‌ಜಿಯಾಗಲಿ, ಕಾರ್ಪ್ಯೂವಿನ ಇಬ್ಬರು ರೋಗಿಗಳಾಗಲಿ ಕತ್ತಿಯನ್ನು ಸಹಿಸಿದ್ದು ಎಚ್ಚರದಲ್ಲಿಯೇ.