ಒಂಬತ್ತನೇ ತರಗತಿಯಲ್ಲಿ ಫ್ಯಾರಡೆಯವರ ವಯಸ್ಸು

ನನ್ನ ಬೋಧನಾ ವಿಷಯಗಳು ಭೌತಶಾಸ್ತ್ರ ಮತ್ತು ಗಣಿತ. ಅಭ್ಯಾಸ ಶಾಲೆಯ ಇಂಗ್ಲಿಷ್ ಶಿಕ್ಷಕರು ರಜೆಯಲ್ಲಿದ್ದ ಕಾರಣ ಒಂಬತ್ತನೇ ತರಗತಿಯ ಎರಡು ಇಂಗ್ಲಿಷ್ ಪೀರಿಯಡ್‌ಗಳು ನನ್ನ ಪಾಲಿಗೆ ಬಂದವು. ಒಬ್ಬರ ಬದುಕಿನ ಬೇರೆ ಬೇರೆ ಕಾಲವನ್ನು ಹೇಳುವ ಇಂಗ್ಲಿಷ್ ಪದಗುಚ್ಛಗಳನ್ನು ಕಲಿಸಬೇಕಿತ್ತು. ‘ಆ್ಯಸ್ ಎ ಚೈಲ್ಡ್’, ‘ಇನ್ ಹಿಸ್ ಸ್ಕೂಲ್ ಡೇಸ್’, ‘ಇನ್ ಹಿಸ್ ಟೀನ್ಸ್’, ‘ಇನ್ ದಿ ಪ್ರೈಮ್ ಆಫ್ ಲೈಫ್’, ‘ಇನ್ ಹಿಸ್ ಓಲ್ಡ್ ಏಜ್’ ಎಂದು ಚಾರ್ಟ್ ಬರೆದುಕೊಂಡೆ. ಬಾಯಿಪಾಠ ಮಾಡಿಸುವ ಬದಲು ಒಂದು ಜೀವನವನ್ನೇ ಅದಕ್ಕೆ ಹೊಂದಿಸೋಣ ಎಂದುಕೊಂಡು, ನನಗೆ ಚೆನ್ನಾಗಿ ಗೊತ್ತಿದ್ದ ಮೈಕೇಲ್ ಫ್ಯಾರಡೆಯವರನ್ನು ಆರಿಸಿಕೊಂಡೆ.

ಅಂದು ಒಬ್ಬ ಹುಡುಗ ಹತ್ತು ನಿಮಿಷ ತಡವಾಗಿ ಬಂದ. ವಿಚಾರಿಸದೆಯೇ ಗದರಿಸಿ ಹಿಂದಿನ ಬೆಂಚಿಗೆ ಕಳಿಸಿದೆ.

ಫ್ಯಾರಡೆ ಹುಟ್ಟಿದ್ದು 1791ರ ಸೆಪ್ಟೆಂಬರ್ 22ರಂದು, ಈಗ ಲಂಡನ್ನಿಗೆ ಸೇರಿರುವ ನ್ಯೂವಿಂಗ್ಟನ್‌ನಲ್ಲಿ. ತಂದೆ ಕಮ್ಮಾರರು, ಆರೋಗ್ಯ ಅಷ್ಟಕ್ಕಷ್ಟೆ. ಧಾನ್ಯದ ಬೆಲೆ ಏರಿದ್ದ ಕಾಲದಲ್ಲಿ ಮೈಕೇಲರ ಪಾಲಿಗೆ ವಾರಕ್ಕೊಂದೇ ಬ್ರೆಡ್ ಸಿಕ್ಕ ದಿನಗಳೂ ಇದ್ದವು. ‘ಆ್ಯಸ್ ಎ ಚೈಲ್ಡ್’ ಮುಗಿಯಿತು. ಮುಂದಿನ ಸಾಲು ‘ಇನ್ ಹಿಸ್ ಸ್ಕೂಲ್ ಡೇಸ್’. ಅಲ್ಲಿ ನಾನು ತಡವರಿಸಿದೆ. ಓದು, ಬರಹ, ಒಂದಿಷ್ಟು ಲೆಕ್ಕ ಬಿಟ್ಟರೆ ಅವರಿಗೆ ಶಾಲೆಯಲ್ಲಿ ಸಿಕ್ಕಿದ್ದು ಏನೂ ಇಲ್ಲ. 1804ರಲ್ಲಿ ಜಾರ್ಜ್ ರೀಬೋ ಎಂಬವರ ಪುಸ್ತಕದಂಗಡಿಯಲ್ಲಿ ಓಡಾಟದ ಹುಡುಗನಾಗಿ ಸೇರಿಕೊಂಡರು. ಆಗ ಪತ್ರಿಕೆ ದುಬಾರಿ. ಅಂಗಡಿಯವರು ಅದನ್ನು ಮನೆಗಳಿಗೆ ಓದಲು ಕೊಟ್ಟು ವಾಪಸ್ ಪಡೆಯುತ್ತಿದ್ದರು. ಮನೆಮನೆಗೆ ಪತ್ರಿಕೆ ಒಯ್ದು, ಓದಿದ ಮೇಲೆ ತರುವುದು ಫ್ಯಾರಡೆಯವರ ಕೆಲಸ.

ಇಷ್ಟು ಹೇಳುತ್ತಿದ್ದಂತೆ ತರಗತಿ ಹಿಂದಕ್ಕೆ ತಿರುಗಿತು. ಇವನೂ ಪೇಪರ್ ಹಾಕ್ತಾನೆ ಮಿಸ್, ಎಂದು ಯಾರೋ ಕೂಗಿದರು. ಆ ಹುಡುಗ ತಲೆ ತಗ್ಗಿಸಿದ್ದ. ನಾನೂ ಚಾರ್ಟಿನ ಕಡೆ ತಿರುಗಿಕೊಂಡೆ.

‘ಅಟ್ ದಿ ಏಜ್ ಆಫ್ ಫೋರ್ಟೀನ್’ ಎಂದು ಹೊಸದಾಗಿ ಬರೆದೆ. 1805ರ ಅಕ್ಟೋಬರಿನಲ್ಲಿ ಅದೇ ಅಂಗಡಿಯಲ್ಲಿ ಪುಸ್ತಕ ಬೈಂಡಿಂಗ್ ಕಲಿಯಲು ಏಳು ವರ್ಷದ ಕರಾರಾಯಿತು. ರಟ್ಟು ಹಾಕಲು ಬಂದ ಪುಸ್ತಕಗಳನ್ನೇ ಓದಿದರು. ಬ್ರಿಟಾನಿಕಾ ವಿಶ್ವಕೋಶದಲ್ಲಿ ವಿದ್ಯುತ್ತಿನ ಲೇಖನ ಸಿಕ್ಕಿತು, ಜೇನ್ ಮಾರ್ಸೆಟ್ ಅವರ ರಸಾಯನಶಾಸ್ತ್ರದ ಪುಸ್ತಕ ಸಿಕ್ಕಿತು. ಸಂಜೆಯ ವಿಜ್ಞಾನ ಉಪನ್ಯಾಸಕ್ಕೆ ಒಂದು ಶಿಲ್ಲಿಂಗ್ ಶುಲ್ಕ. ಕಮ್ಮಾರಿಕೆ ಮಾಡುತ್ತಿದ್ದ ಅಣ್ಣ ರಾಬರ್ಟ್ ಅದನ್ನು ಕೊಡುತ್ತಿದ್ದರು.

‘ಟೀನ್ಸ್’ ಹೇಳಿಕೊಡುವಾಗ ‘ಹದಿಹರೆಯ’ ಸುಲಭವಾಗಿ ಒದಗಿತು. ಥರ್ಟೀನ್‌ನಿಂದ ನೈಂಟೀನ್‌ವರೆಗೆ ಕೊನೆಯಲ್ಲಿ ‘ಟೀನ್’ ಬರುವಂತೆ, ನಮ್ಮ ಹದಿಮೂರರಿಂದ ಹದಿನೆಂಟರವರೆಗೆ ಮೊದಲಲ್ಲಿ ‘ಹದಿ’ ಬರುತ್ತದೆ. ಹತ್ತೊಂಬತ್ತು ಮಾತ್ರ ಕನ್ನಡದಲ್ಲಿ ಸಾಲು ತಪ್ಪಿಸಿಕೊಳ್ಳುತ್ತದೆ. ಇದನ್ನು ಕಂಡುಹಿಡಿದದ್ದು ಮಕ್ಕಳೇ.

1812ರಲ್ಲಿ, ಕರಾರು ಮುಗಿಯುವ ವರ್ಷ, ಅಂಗಡಿಯ ಗಿರಾಕಿಯೊಬ್ಬರು ಕೊಟ್ಟ ಟಿಕೆಟ್‌ನಿಂದ ರಾಯಲ್ ಇನ್‌ಸ್ಟಿಟ್ಯೂಷನ್‌ನಲ್ಲಿ ಹಂಫ್ರಿ ಡೇವಿಯವರ ಉಪನ್ಯಾಸ ಕೇಳಿದರು. ಟಿಪ್ಪಣಿಗಳನ್ನು ನೀಟಾಗಿ ಬರೆದು, ತಾವೇ ಬೈಂಡ್ ಮಾಡಿ ಡೇವಿಯವರಿಗೆ ಕಳಿಸಿದರು. 1813ರ ಮಾರ್ಚಿನಲ್ಲಿ ಅಲ್ಲೇ ಸಹಾಯಕರ ಕೆಲಸ ಸಿಕ್ಕಿತು. ಆಗ 21 ವರ್ಷ, ‘ಇನ್ ಹಿಸ್ ಅರ್ಲಿ ಟ್ವೆಂಟೀಸ್’. ಅದೇ ವರ್ಷ ಗೆಳೆಯ ಅಬಟ್‌ಗೆ ಬರೆದ ಪತ್ರಗಳಲ್ಲಿ, ಉಪನ್ಯಾಸ ಹೇಗಿರಬೇಕೆಂದು ಯೋಚಿಸಿದ್ದಾರೆ: ಕೋಣೆಯ ಗಾಳಿ, ಕೂರುವ ವ್ಯವಸ್ಥೆ, ಉಪಕರಣಗಳನ್ನು ಇಡುವ ಬಗೆ, ಒಂದು ಗಂಟೆ ಮೀರದಿರುವುದು. ನಮ್ಮ ಪಾಠ ವೀಕ್ಷಣೆಯ ದಾಖಲೆ ಪುಸ್ತಕ ನೆನಪಾಯಿತು. ನಾನು ಅದರಲ್ಲಿ ಗಾಳಿಯ ಬಗ್ಗೆ ಒಮ್ಮೆಯೂ ಬರೆದಿಲ್ಲ.

ಇಲ್ಲಿ ಇನ್ನೊಂದು ತಪ್ಪು ನಡೆದಿತ್ತು. ಹಿಂದೆ ಕುಳಿತಿದ್ದ ನಮ್ಮ ಮೇಡಂ ಬರೆದುಕೊಂಡಿದ್ದರು. ಪೇಪರ್ ಹಂಚುವವರೆಗೂ, ಬೈಂಡಿಂಗ್ ಮಾಡುವವರೆಗೂ ಫ್ಯಾರಡೆಯನ್ನು ‘ಅವನು’ ಎನ್ನುತ್ತಿದ್ದ ನಾನು, ರಾಯಲ್ ಇನ್‌ಸ್ಟಿಟ್ಯೂಷನ್ ಬಾಗಿಲು ದಾಟಿದೊಡನೆ ‘ಅವರು’ ಎಂದೆನಂತೆ. ಇಂಗ್ಲಿಷಿನ ‘ಹಿ’ ಹುಟ್ಟಿನಿಂದ ಸಾವಿನವರೆಗೆ ಒಂದೇ. ಕನ್ನಡದಲ್ಲಿ ಮಾತ್ರ ಯಾವ ವಯಸ್ಸಿಗೆ ಬದಲಿಸಬೇಕೆಂದು ನಾವೇ ತೀರ್ಮಾನಿಸಬೇಕು. ನಾನು ವಯಸ್ಸು ನೋಡದೆ ಕೆಲಸ ನೋಡಿ ಬದಲಿಸಿದ್ದೆ. ಅದೂ ಸರಿಯಾಗಿ ಅಲ್ಲ. ಡೇವಿಯವರೊಡನೆ ಒಂದೂವರೆ ವರ್ಷ ಯೂರೋಪ್ ಸುತ್ತಿದಾಗ ಫ್ಯಾರಡೆ ಅವರ ಬಟ್ಟೆಬರೆ ನೋಡಿಕೊಳ್ಳುವ ಆಳಿನ ಕೆಲಸವನ್ನೂ ಮಾಡಬೇಕಾಗಿತ್ತು, ಡೇವಿಯವರ ಹೆಂಡತಿ ಆಳಿನಂತೆಯೇ ಕಂಡರು. ಈ ಬರಹದಲ್ಲಿ ಮೊದಲಿನಿಂದಲೂ ‘ಅವರು’ ಎಂದೇ ಬರೆದಿದ್ದೇನೆ.

1821ರಲ್ಲಿ ಸಾರಾ ಬರ್ನಾರ್ಡ್ ಅವರೊಂದಿಗೆ ಮದುವೆಯಾಯಿತು. ಕೆಲವೇ ತಿಂಗಳಲ್ಲಿ, ವಿದ್ಯುತ್ ಹರಿಯುವ ತಂತಿ ಅಯಸ್ಕಾಂತದ ಸುತ್ತ ತಿರುಗುವುದನ್ನು ಮಾಡಿ ತೋರಿಸಿದರು. ‘ಇನ್ ಹಿಸ್ ಲೇಟ್ ಟ್ವೆಂಟೀಸ್’. ಆಮೇಲೆ 1831ರ ಆಗಸ್ಟ್ 29. ಕಬ್ಬಿಣದ ಬಳೆಯ ಎರಡು ಕಡೆ ಸುತ್ತಿದ ತಂತಿ; ಒಂದು ಕಡೆ ಬ್ಯಾಟರಿ ಜೋಡಿಸಿದ ಕ್ಷಣ ಮತ್ತು ಕಳಚಿದ ಕ್ಷಣ ಇನ್ನೊಂದು ಕಡೆಯ ಸೂಜಿ ಅಲ್ಲಾಡಿತು. ನಮ್ಮ ಊರಿನ ಟ್ರಾನ್ಸ್‌ಫಾರ್ಮರ್ ಇಂದಿಗೂ ಇದೇ ತತ್ವದ ಮೇಲೆ ನಡೆಯುತ್ತದೆ. ಬೋರ್ಡಿನ ಮೇಲೆ 1831ರಲ್ಲಿ 1791 ಕಳೆದು ‘ಅಟ್ ದಿ ಏಜ್ ಆಫ್ ಫೋರ್ಟಿ’ ಎಂದು ಬರೆದೆ. ಮುಂದಿನ ಬೆಂಚಿನ ಹುಡುಗಿ ಎದ್ದು ನಿಂತು, ಹುಟ್ಟುಹಬ್ಬ ಇನ್ನೂ ಬಂದಿಲ್ಲ ಮಿಸ್ ಎಂದಳು. 24 ದಿನ ಬಾಕಿ ಇತ್ತು! ಗಣಿತದವಳು ನಾನು. ಅಳಿಸಿ ‘ಇನ್ ಹಿಸ್ ಲೇಟ್ ಥರ್ಟೀಸ್’ ಎಂದು ಬರೆದೆ. ‘ಇನ್ ಹಿಸ್ ಥರ್ಟೀಸ್’ ಬೇರೆ, ‘ಇನ್ ದಿ ಏಯ್ಟೀನ್ ಥರ್ಟೀಸ್’ ಬೇರೆ ಎಂದು ವಿವರಿಸಲು ಈ ತಪ್ಪೇ ಸಹಾಯವಾಯಿತು. ಮೊದಲನೆಯದು ಅವರ ವಯಸ್ಸು, ಎರಡನೆಯದು ಕ್ಯಾಲೆಂಡರಿನ ದಶಕ.

‘ಪ್ರೈಮ್ ಆಫ್ ಲೈಫ್’ ಎಷ್ಟನೇ ವಯಸ್ಸು? ಮಕ್ಕಳು ಸಿನಿಮಾ ಹೀರೋ ಲೆಕ್ಕದಲ್ಲಿ ಇಪ್ಪತ್ತೈದು ಎಂದರು. ನಾನು 1831 ಎಂದು ಯೋಜನೆಯಲ್ಲಿ ಬರೆದಿದ್ದೆ. ಆದರೆ 1839ರ ಕೊನೆಗೆ ಫ್ಯಾರಡೆಯವರ ಆರೋಗ್ಯ ಕೆಟ್ಟಿತು, ತಲೆಸುತ್ತು, ಮರೆವು. ವರ್ಷಗಟ್ಟಲೆ ಸಂಶೋಧನೆ ಹೆಚ್ಚುಕಡಿಮೆ ನಿಂತಿತು. ಅದನ್ನು ಇಳಿಗಾಲ ಎನ್ನೋಣವೆಂದರೆ, 1845ರಲ್ಲಿ, 53ನೇ ವಯಸ್ಸಿನಲ್ಲಿ, ಅಯಸ್ಕಾಂತ ಬೆಳಕಿನ ಧ್ರುವೀಕರಣದ ತಲವನ್ನೇ ತಿರುಗಿಸಬಲ್ಲದೆಂದು ತೋರಿಸಿದರು. ‘ಇನ್ ಹಿಸ್ ಫಿಫ್ಟೀಸ್’ ಎನ್ನಲು ಲೆಕ್ಕ ಸಾಕು. ‘ಪ್ರೈಮ್’, ‘ಡಿಕ್ಲೈನಿಂಗ್ ಇಯರ್ಸ್’ ಎನ್ನಬೇಕಾದರೆ ಹೇಳುವವರು ತೀರ್ಪು ಕೊಡುತ್ತಿದ್ದಾರೆ ಎಂದರ್ಥ. ಈ ಎರಡು ಬಗೆಯನ್ನು ನಾನು ಒಂದೇ ಕಾಲಮ್ಮಿನಲ್ಲಿ ಹಾಕಿದ್ದೆ.

ಮಕ್ಕಳಿಗಾಗಿ ಕ್ರಿಸ್‌ಮಸ್ ಉಪನ್ಯಾಸಗಳನ್ನು 1827ರಿಂದ 19 ಸಲ ಕೊಟ್ಟರು. ಕೊನೆಯದು 1860ರ ಚಳಿಗಾಲದಲ್ಲಿ, ಮೇಣದಬತ್ತಿಯ ಬಗ್ಗೆ. ಮರುವರ್ಷ, ಎಪ್ಪತ್ತು ತುಂಬಿದ ಮೇಲೆ, ನೆನಪು ಕೈಕೊಡುತ್ತಿದೆಯೆಂದು ತಾವೇ ಬಿಟ್ಟುಕೊಟ್ಟರು. ರಾಣಿ ವಿಕ್ಟೋರಿಯಾ ವಾಸಕ್ಕೆ ಕೊಟ್ಟಿದ್ದ ಹ್ಯಾಂಪ್ಟನ್ ಕೋರ್ಟ್ ಮನೆಯಲ್ಲಿ 1867ರ ಆಗಸ್ಟ್ 25ರಂದು ತೀರಿಕೊಂಡರು. ವಯಸ್ಸೆಷ್ಟು ಎಂದು ಕೇಳಿದೆ. ಈ ಸಲ ಇಡೀ ತರಗತಿ ಸೆಪ್ಟೆಂಬರ್ ನೆನಪಿಟ್ಟುಕೊಂಡು 75 ಎಂದಿತು.

ಬೆಲ್ ಹೊಡೆಯುವಾಗ ಹಿಂದಿನ ಬೆಂಚಿನ ಹುಡುಗ ಒಂದು ಪ್ರಶ್ನೆ ಕೇಳಿದ. ಫ್ಯಾರಡೆ ಮತ್ತೆ ಶಾಲೆಗೆ ಸೇರಿದ್ದು ಯಾವಾಗ ಮಿಸ್? ಸೇರಲೇ ಇಲ್ಲ ಎಂದೆ. ಅದಕ್ಕೇ ಗಣಿತದ ಸೂತ್ರಗಳು ಅವರಿಗೆ ಕೊನೆಯವರೆಗೂ ಒಗ್ಗಲಿಲ್ಲ, ನೀನು ಶಾಲೆ ಬಿಡಬೇಡ ಎಂದೂ ಸೇರಿಸಿದೆ. ತಡವಾದದ್ದಕ್ಕೆ ಗದರಿಸಿದ್ದು ತಪ್ಪಾಯಿತು ಎಂದು ಹೇಳಿದ್ದು ಮಾತ್ರ ಮರುದಿನ.

ಮರುದಿನದ ಪೀರಿಯಡ್‌ನಲ್ಲಿ ಮನೆಯ ಒಬ್ಬರ ಬಗ್ಗೆ ಐದು ವಾಕ್ಯ ಬರೆಯಲು ಕೊಟ್ಟೆ. ಹೆಚ್ಚಿನವರು ಅಜ್ಜ ಅಜ್ಜಿಯರ ಬಗ್ಗೆ ಬರೆದರು. ಆ ಹುಡುಗ ತನ್ನ ಬಗ್ಗೆಯೇ ಬರೆಯುತ್ತಿದ್ದ. ಎರಡು ವಾಕ್ಯವಾದ ಮೇಲೆ ‘ಇನ್ ಮೈ ಟ್ವೆಂಟೀಸ್’ ಎಂದು ಬರೆದು ಪೆನ್ನು ಹಿಡಿದು ಕೂತಿದ್ದ. ಇಲ್ಲಿ ‘ವಿಲ್’ ಹಾಕಬೇಕಾ ಮಿಸ್ ಎಂದು ಕೇಳಿದ. ನನ್ನ ಚಾರ್ಟಿನಲ್ಲಿದ್ದ ವಾಕ್ಯಗಳೆಲ್ಲ ಭೂತಕಾಲದವೇ. ‘ವಿಲ್’ ಹಾಕಿ ಮುಂದೆ ಬರಿ ಎಂದೆ.