ಮಂಜಿನ ನಾಡಿನಲ್ಲಿ ಕಲಿತ ಪಾಠ: ಕ್ಲಾರೆನ್ಸ್ ಬರ್ಡ್ಸ್‌ಐ

ನಮ್ಮ ಪುಣೆಯ ಮಂಡಈಯನ್ನು ನೋಡದ ವಿದ್ಯಾರ್ಥಿಗಳು ಈ ಶಾಲೆಯಲ್ಲಿ ಇರಲಾರರು. ಕಲ್ಲಿನ ಆ ದೊಡ್ಡ ಕಟ್ಟಡವು ಕಾಯಿಪಲ್ಲೆಯ ಪೇಟೆಯಾಗಿ ತೆರೆದದ್ದು ೧೮೮೬ರಲ್ಲಿ. ಆಗ ಅದಕ್ಕೆ ಮುಂಬಯಿಯ ಗವರ್ನರರಾಗಿದ್ದ ರೇ ಸಾಹೇಬರ ಹೆಸರಿತ್ತು. ಮಹಾತ್ಮಾ ಫುಲೆಯವರ ಹೆಸರು ಬಂದದ್ದು ಅನಂತರ. ಚಳಿಗಾಲದಲ್ಲಿ ಅಲ್ಲಿ ಹಸಿ ಬಟಾಣಿಯ ರಾಶಿಗಳು ಬಿದ್ದಿರುತ್ತವೆ; ಬೇಸಗೆ ಬಂದಿತೆಂದರೆ ರಾಶಿಗಳು ಕರಗುತ್ತವೆ, ಬೆಲೆ ಏರುತ್ತದೆ. ಆದರೂ ಮೇ ತಿಂಗಳಿನಲ್ಲಿ ನಮ್ಮ ಮನೆಗಳಲ್ಲಿ ಹಸಿರು ಬಟಾಣಿಯ ಪಲಾವು ಆಗುವುದುಂಟು. ಈ ಸೌಕರ್ಯವು ನಮ್ಮ ಅಡಿಗೆಮನೆಗೆ ಬಂದ ದಾರಿಯನ್ನು ಹುಡುಕುತ್ತ ಹೋದರೆ, ಮಂಡಈ ತೆರೆದ ಅದೇ ವರ್ಷ ಭೂಮಿಯ ಮತ್ತೊಂದು ಮಗ್ಗುಲಲ್ಲಿ ಹುಟ್ಟಿದ ಒಬ್ಬನ ಬಾಳಿನ ಮುಂದೆ ನಾವು ನಿಲ್ಲುತ್ತೇವೆ.

ಕ್ಲಾರೆನ್ಸ್ ಬರ್ಡ್ಸ್‌ಐ ೧೮೮೬ನೆಯ ಇಸವಿಯ ಡಿಸೆಂಬರ್ ೯ರಂದು ನ್ಯೂಯಾರ್ಕಿನ ಬ್ರೂಕ್ಲಿನ್ನಿನಲ್ಲಿ ಜನಿಸಿದನು. ಒಂಬತ್ತು ಮಕ್ಕಳ ಸಂಸಾರದಲ್ಲಿ ಅವನು ಆರನೆಯವನು. ಚಿಕ್ಕಂದಿನಿಂದಲೂ ಹುಳುಹುಪ್ಪಟೆ, ಪ್ರಾಣಿಪಕ್ಷಿಗಳೆಂದರೆ ಅವನಿಗೆ ಬಹಳ ಆಸಕ್ತಿ. ಆಮ್‌ಹರ್ಸ್ಟ್ ಕಾಲೇಜಿಗೆ ಸೇರಿದಾಗ ಫೀ ಕಟ್ಟಲು ಹಣ ಸಾಲದೆ, ಕಪ್ಪೆಗಳನ್ನು ಹಿಡಿದು ಮೃಗಾಲಯದ ಹಾವುಗಳ ಆಹಾರಕ್ಕಾಗಿ ಮಾರಿದನು. ಅಷ್ಟು ಮಾಡಿದರೂ ಓದು ಪೂರ್ಣವಾಗಲಿಲ್ಲ. ಪದವಿಯಿಲ್ಲದೆಯೇ ಕಾಲೇಜನ್ನು ಬಿಡಬೇಕಾಯಿತು. ಮುಂದೆ ಸರಕಾರದ ಪ್ರಾಣಿಸಮೀಕ್ಷೆಯ ಇಲಾಖೆಯಲ್ಲಿ ಕೆಲಸ ದೊರೆಯಿತು. ಮೊಂಟಾನಾ ಪ್ರಾಂತದ ಕಾಡುಗಳಲ್ಲಿ, ಮಾರಕ ಜ್ವರವನ್ನು ಹರಡುವ ಉಣ್ಣೆಗಳನ್ನು ಸಂಗ್ರಹಿಸಿಕೊಡುವ ಅಪಾಯದ ಕೆಲಸವನ್ನೂ ಅವನು ಮಾಡಿದನು.

೧೯೧೨ರಲ್ಲಿ ಅವನು ಲ್ಯಾಬ್ರಡಾರಿಗೆ ಹೊರಟನು. ಈಗ ಕೆನಡಾಕ್ಕೆ ಸೇರಿರುವ ಆ ಕಡಲತೀರದಲ್ಲಿ ವರ್ಷದ ಬಹುಭಾಗ ಹಿಮವೇ. ಹೋದದ್ದು ನರಿಗಳ ತುಪ್ಪುಳುಚರ್ಮದ ವ್ಯಾಪಾರಕ್ಕೆ. ಆ ವ್ಯಾಪಾರದ ಕಥೆ ಇಲ್ಲಿ ನಮಗೆ ಬೇಡ. ಅಲ್ಲಿಯ ಮೂಲನಿವಾಸಿಗಳಾದ ಇನ್ಯುಯಿಟ್ ಜನರು ಚಳಿಗಾಲದಲ್ಲಿ ಹೆಪ್ಪುಗಟ್ಟಿದ ನೀರಿನ ಮೇಲೆ ನಿಂತು, ಮಂಜುಗಡ್ಡೆಯಲ್ಲಿ ರಂಧ್ರ ಕೊರೆದು ಮೀನು ಹಿಡಿಯುತ್ತಿದ್ದರು. ಸೊನ್ನೆಗಿಂತ ೪೦ ಡಿಗ್ರಿಗಳಷ್ಟು ಕೆಳಗಿಳಿದ ಆ ಚಳಿಗಾಳಿಯಲ್ಲಿ, ನೀರಿನಿಂದ ಹೊರಗೆ ಬಂದ ಮೀನು ನೋಡನೋಡುತ್ತಿದ್ದಂತೆಯೇ ಕಲ್ಲಿನಂತೆ ಗಡುಸಾಗುತ್ತಿತ್ತು. ತಿಂಗಳುಗಳು ಕಳೆದ ಮೇಲೆ ಅದನ್ನು ಕರಗಿಸಿ ಬೇಯಿಸಿದರೆ ರುಚಿಯಲ್ಲಿ ಆಗತಾನೆ ಹಿಡಿದ ಮೀನಿಗೂ ಅದಕ್ಕೂ ಭೇದವೇ ತೋರುತ್ತಿರಲಿಲ್ಲ.

ಹೆಪ್ಪುಗಟ್ಟಿಸಿದ ಆಹಾರ ಆ ಕಾಲದ ಅಮೇರಿಕೆಗೆ ಹೊಸತೇನೂ ಅಲ್ಲ. ಆದರೆ ಅದನ್ನು ಕರಗಿಸಿದರೆ ಮೆತ್ತಗಾಗಿ, ನೀರು ಬಿಟ್ಟು, ಸಪ್ಪೆಯಾಗುತ್ತಿತ್ತು. ಗತಿಯಿಲ್ಲದವರ ಊಟವೆಂದು ಜನ ಅದನ್ನು ದೂರವಿಡುತ್ತಿದ್ದರು. ಅಲ್ಲಿ ಕೆಡುವುದು ಇಲ್ಲೇಕೆ ಕೆಡುವುದಿಲ್ಲ? ಬರ್ಡ್ಸ್‌ಐನನ್ನು ಈ ಪ್ರಶ್ನೆ ಬಿಡಲಿಲ್ಲ. ಕಡುಚಳಿಯ ದಿನಗಳಲ್ಲಿ ಗಟ್ಟಿಯಾದ ಮಾಂಸವು ಸವಿಯಾಗಿಯೂ, ಚಳಿ ಸ್ವಲ್ಪ ತಗ್ಗಿದ ದಿನಗಳಲ್ಲಿ ಗಟ್ಟಿಯಾದದ್ದು ನೀರಸವಾಗಿಯೂ ಇರುವುದನ್ನು ಅವನು ಗಮನಿಸಿದನು. ಹಾಗಾದರೆ ಭೇದವಿರುವುದು ಚಳಿಯ ವೇಗದಲ್ಲಿಯೇ! ಆಹಾರದ ಜೀವಕೋಶಗಳಲ್ಲಿ ತುಂಬಿರುವುದು ನೀರು. ಅದು ನಿಧಾನವಾಗಿ ಹೆಪ್ಪುಗಟ್ಟಿದರೆ ಹಿಮದ ಹರಳುಗಳು ದೊಡ್ಡವಾಗಿ ಬೆಳೆದು ಕೋಶದ ಗೋಡೆಗಳನ್ನು ಹರಿಯುತ್ತವೆ. ಕರಗಿದೊಡನೆ ಸತ್ತ್ವವೂ ರಸವೂ ಸೋರಿಹೋಗುತ್ತವೆ. ಥಟ್ಟನೆ ಹೆಪ್ಪುಗಟ್ಟಿದರೆ ಹರಳುಗಳು ಅತಿ ಸಣ್ಣವಾಗುತ್ತವೆ, ಗೋಡೆಗಳು ಬಹುಮಟ್ಟಿಗೆ ಉಳಿಯುತ್ತವೆ.

೧೯೧೫ರಲ್ಲಿ ಅವನಿಗೆ ಎಲಿನರ್ ಗ್ಯಾರೆಟ್ ಎಂಬವಳೊಡನೆ ವಿವಾಹವಾಯಿತು. ಮರುವರ್ಷ, ಹುಟ್ಟಿ ಕೆಲವೇ ವಾರಗಳಾಗಿದ್ದ ಮಗುವನ್ನು ಕರೆದುಕೊಂಡು ದಂಪತಿಗಳು ಲ್ಯಾಬ್ರಡಾರಿಗೆ ಮರಳಿದರು. ಹಸಿ ತರಕಾರಿಯೇ ಸಿಗದ ಆ ಚಳಿಗಾಲದಲ್ಲಿ ಹೆಂಡತಿಯನ್ನೂ ಕೂಸನ್ನೂ ಪೋಷಿಸುವುದು ಹೇಗೆ? ಅವನು ಕೋಸುಗಡ್ಡೆಗಳನ್ನು ಪೀಪಾಯಿಯಲ್ಲಿಟ್ಟು, ಉಪ್ಪುನೀರು ಹೊಯ್ದು, ಹೊರಗಿನ ಗಾಳಿಯಲ್ಲಿ ಒಂದೊಂದೇ ಪದರವಾಗಿ ಹೆಪ್ಪುಗಟ್ಟಿಸಿ ಇಟ್ಟುಕೊಂಡನು. ಬೇಕಾದಾಗ ಕೊಡಲಿಯಿಂದ ಒಡೆದು ತೆಗೆಯುವುದು! ಮುಂದಿನ ಮಹಾ ಉದ್ಯಮದ ಬೀಜವೆಲ್ಲ ಆ ಪೀಪಾಯಿಯಲ್ಲಿತ್ತೆಂದು ನಮಗೆ ತೋರುತ್ತದೆ.

೧೯೧೭ರಲ್ಲಿ ಸ್ವದೇಶಕ್ಕೆ ಹಿಂದಿರುಗಿ, ಕೆಲವು ವರ್ಷಗಳ ಮೇಲೆ ನ್ಯೂಯಾರ್ಕಿನಲ್ಲಿ ಮೀನನ್ನು ಹೆಪ್ಪುಗಟ್ಟಿಸಿ ಮಾರುವ ಸಂಸ್ಥೆಯೊಂದನ್ನು ತೆರೆದನು. ಕೊಳ್ಳುವವರು ಬರಲಿಲ್ಲ. ೧೯೨೪ರಲ್ಲಿ ದಿವಾಳಿ. ಮನೆಯಲ್ಲಿ ಹೆಂಡತಿ ಮಕ್ಕಳಿದ್ದರು. ವಯಸ್ಸು ನಲವತ್ತಕ್ಕೆ ಸಮೀಪಿಸಿತ್ತು. ಇಂತಹ ಸಮಯದಲ್ಲಿ ಅವನು ತನ್ನ ಜೀವವಿಮೆಯ ಪಾಲಿಸಿಯ ಮೇಲೆ ಸಾಲ ತೆಗೆದನು. ಇದನ್ನು ಧೈರ್ಯವೆನ್ನಬೇಕೋ ದುಡುಕೆನ್ನಬೇಕೋ ಓದುಗರೇ ನಿರ್ಣಯಿಸಲಿ. ಗೆದ್ದವನ ಸಾಹಸವನ್ನು ಹೊಗಳುವುದು ಎಲ್ಲರಿಗೂ ಸುಲಭ.

ಅನಂತರ ಮೀನುಗಾರರ ಊರಾದ ಗ್ಲಾಸ್ಟರಿನಲ್ಲಿ ಹೊಸ ಸಂಸ್ಥೆ ಹುಟ್ಟಿತು. ಆಹಾರವನ್ನು ತೆಳುವಾದ ಪೊಟ್ಟಣಗಳಲ್ಲಿ ಕಟ್ಟಿ, ಅತಿಶೀತಲವಾದ ಎರಡು ಲೋಹದ ಮೈಗಳ ನಡುವೆ ಒತ್ತಿ ಹಿಡಿಯುವ ಯಂತ್ರವನ್ನು ಅವನು ಅಲ್ಲಿ ರೂಪಿಸಿದನು. ಎರಡೂ ಕಡೆಗಳಿಂದ ಚಳಿ ತಾಗುವುದರಿಂದ ಎರಡು ಅಂಗುಲ ದಪ್ಪದ ಪೊಟ್ಟಣವೂ ಒಂದೂವರೆ ಗಂಟೆಯ ಸುಮಾರಿನಲ್ಲಿ ಗಟ್ಟಿಯಾಗುತ್ತಿತ್ತು. ಮೀನಿನ ಬಳಿಕ ಮಾಂಸ, ಹಣ್ಣು, ತರಕಾರಿಗಳ ಸರದಿ ಬಂದಿತು. ೧೯೨೯ರಲ್ಲಿ ಸಂಸ್ಥೆಯೂ ಅದರ ಹಕ್ಕುಗಳೂ ೨ ಕೋಟಿ ೨೦ ಲಕ್ಷ ಡಾಲರುಗಳಿಗೆ ಮಾರಾಟವಾದುವು. ಕೆಲವೇ ತಿಂಗಳುಗಳಲ್ಲಿ ಅಮೇರಿಕೆಯ ಷೇರುಪೇಟೆ ಕುಸಿದುಬಿದ್ದಿತು! ೧೯೩೦ರ ಮಾರ್ಚ್ ೬ರಂದು ಸ್ಪ್ರಿಂಗ್‌ಫೀಲ್ಡ್ ನಗರದ ೧೮ ಅಂಗಡಿಗಳಲ್ಲಿ ಬಟಾಣಿ, ಪಾಲಕ, ಮೀನು, ಮಾಂಸ ಮೊದಲಾದ ಪದಾರ್ಥಗಳು ಹೆಪ್ಪುಗಟ್ಟಿದ ಪೊಟ್ಟಣಗಳಲ್ಲಿ ಮಾರಾಟಕ್ಕೆ ಬಂದುವು. ಜಯ ಒಂದೇ ದಿನದಲ್ಲಿ ಬರಲಿಲ್ಲ. ಅಂಗಡಿಗಳಲ್ಲಿ ಶೀತಪೆಟ್ಟಿಗೆಗಳಿರಲಿಲ್ಲ, ರೈಲಿನಲ್ಲಿ ಹೆಪ್ಪುಗಟ್ಟಿದ ಸರಕಿಗೆ ತಕ್ಕ ಡಬ್ಬಿಗಳಿರಲಿಲ್ಲ, ಮನೆಗಳಲ್ಲಂತೂ ಕೇಳುವುದೇ ಬೇಡ. ಎರಡನೆಯ ಮಹಾಯುದ್ಧದಲ್ಲಿ ತವರದ ಅಭಾವವುಂಟಾಗಿ ಡಬ್ಬಿಯ ಆಹಾರ ಕಡಮೆಯಾದಾಗ, ಜನ ಈ ಪೊಟ್ಟಣಗಳ ಕಡೆಗೆ ತಿರುಗಿದರು.

ಇಂದು ಪುಣೆಯ ಕನ್ನಡಿಗರ ಮನೆಯ ಫ್ರಿಜ್ಜಿನ ಮೇಲಿನ ಅರೆಯನ್ನು ತೆರೆದರೆ ಏನೇನು ಸಿಗಬಹುದು? ತೆಂಗಿನ ತುರಿ, ಬಿಡಿಸಿದ ಬಟಾಣಿ, ಊರಿನಿಂದ ತಂದ ಹಿತಕಿದ ಅವರೆಬೇಳೆ, ನಾಲ್ಕು ಪಾವು. ಬೆಳಗ್ಗೆ ಕೆಲಸಕ್ಕೆ ಹೊರಡುವ ತಾಯಿಗೆ ಸುಲಿಯುವ, ತುರಿಯುವ ಒಂದು ಗಂಟೆಯ ದುಡಿಮೆ ಅಲ್ಲಿ ಉಳಿದಿರುತ್ತದೆ. ಬಿಡುವಿನ ದಿನ ಆ ಸುಲಿಯುವ ಕೆಲಸಕ್ಕೆ ಮಕ್ಕಳೂ ಕೈಹಾಕಬಹುದು. ಬರ್ಡ್ಸ್‌ಐನ ತತ್ತ್ವ ತಿಳಿದಿದ್ದರೆ ಸಾಕು. ಬಟಾಣಿಯನ್ನು ಕುದಿಯುವ ನೀರಿನಲ್ಲಿ ಒಂದೆರಡು ನಿಮಿಷವಿಟ್ಟು ತಣ್ಣೀರಿಗೆ ಹಾಕಬೇಕು. ಇಲ್ಲವಾದರೆ ಅದರೊಳಗಿನ ಕಿಣ್ವಗಳು ಚಳಿಯಲ್ಲಿಯೂ ಮೆಲ್ಲಗೆ ಕೆಲಸ ಮಾಡಿ ಬಣ್ಣ ರುಚಿಗಳನ್ನು ಕೆಡಿಸುತ್ತವೆ. ಆಮೇಲೆ ನೀರಾರಿಸಿ, ತಟ್ಟೆಯಲ್ಲಿ ಒಂದೇ ಪದರವಾಗಿ ಹರಡಿ ಹೆಪ್ಪುಗಟ್ಟಿಸಿ, ಬಳಿಕ ಚೀಲಕ್ಕೆ ತುಂಬಬೇಕು. ತುರಿಯನ್ನು ಉಂಡೆ ಮಾಡಿ ಇಡುವುದಕ್ಕಿಂತ ಚಪ್ಪಟೆಯಾಗಿ ತಟ್ಟಿ ಇಡುವುದು ಮೇಲು. ತೆಳುವಾದುದಕ್ಕೆ ಚಳಿ ಬೇಗ ಇಳಿಯುತ್ತದೆ. ಗ್ಲಾಸ್ಟರಿನ ಯಂತ್ರದ ಗುಟ್ಟೂ ಇದೇ. ಬ್ರೆಡ್ಡು ಪಾವುಗಳ ವಿಚಾರ ಇನ್ನೂ ಸ್ವಾರಸ್ಯದ್ದು. ಅವನ್ನು ಫ್ರಿಜ್ಜಿನ ಸಾಧಾರಣ ಅರೆಯಲ್ಲಿಟ್ಟರೆ ಬೂಷ್ಟು ತಡವಾಗಿ ಬರುವುದೇನೋ ನಿಜ, ಆದರೆ ಹೊರಗಿಟ್ಟದ್ದಕ್ಕಿಂತ ಬೇಗ ಬಿರುಸಾಗುತ್ತವೆ; ಅವುಗಳಲ್ಲಿಯ ಪಿಷ್ಟವು ಆ ಮಿತವಾದ ಚಳಿಯಲ್ಲಿಯೇ ಬಹುಬೇಗ ಗಡುಸಾಗುತ್ತದೆ. ಹೆಪ್ಪುಗಟ್ಟಿಸುವ ಅರೆಯಲ್ಲಿ, ಸೊನ್ನೆಗಿಂತ ೧೮ ಡಿಗ್ರಿ ಕೆಳಗೆ, ಈ ಕ್ರಿಯೆ ಬಹುಮಟ್ಟಿಗೆ ನಿಲ್ಲುತ್ತದೆ. ಆದಕಾರಣ ಮಿಕ್ಕ ಪಾವನ್ನು ಗಾಳಿಯಾಡದಂತೆ ಕಟ್ಟಿ ಮೇಲಿನ ಅರೆಗೆ ಸೇರಿಸುವುದೇ ಸರಿ.

ಹಣ ಬಂದ ಮೇಲೂ ಬರ್ಡ್ಸ್‌ಐ ಸುಮ್ಮನೆ ಕುಳಿತವನಲ್ಲ. ವಿದ್ಯುದ್ದೀಪಗಳು, ತಿಮಿಂಗಿಲ ಬೇಟೆಯ ಈಟಿ, ಆಹಾರವನ್ನು ಒಣಗಿಸುವ ವಿಧಾನ ಇವೆಲ್ಲದರಲ್ಲಿಯೂ ಕೈಯಾಡಿಸಿದನು. ಹಿಮವನ್ನು ತಾನೇ ಮೊದಲು ಆಹಾರಕ್ಕೆ ಬಳಸಿದೆನೆಂಬ ಜಂಬವೂ ಅವನಲ್ಲಿರಲಿಲ್ಲ. ಲ್ಯಾಬ್ರಡಾರಿನ ಜನ ತಲೆಮಾರುಗಳಿಂದ ಅರಿತಿದ್ದುದನ್ನು ತಾನು ಯಂತ್ರಕ್ಕೆ ತಂದೆನೆಂದು ಒಪ್ಪಿಕೊಳ್ಳುತ್ತಿದ್ದನು. ಆದರೂ ಪೊಟ್ಟಣಗಳ ಮೇಲೆ ಅಚ್ಚಾದದ್ದು ಅವನ ಹೆಸರು. ಮಂಜುಗಡ್ಡೆ ಕೊರೆದು ಮೀನು ಹಿಡಿದು ತೋರಿಸಿದವರ ಹೆಸರು ಯಾವ ಪೊಟ್ಟಣದ ಮೇಲೂ ಬರಲಿಲ್ಲ. ಕೋಟಿಗಳ ಆ ವ್ಯವಹಾರದಲ್ಲಿ ಅವರಿಗೆ ಪಾಲೂ ಇರಲಿಲ್ಲ.

ಕೊನೆಯ ದಿನಗಳಲ್ಲಿ ಅವನು ದಕ್ಷಿಣ ಅಮೇರಿಕೆಯ ಪೆರು ದೇಶಕ್ಕೆ ಹೋಗಿ, ಕಬ್ಬಿನ ಸಿಪ್ಪೆಯಿಂದ ಕಾಗದ ಮಾಡುವ ಪ್ರಯೋಗದಲ್ಲಿ ತೊಡಗಿದ್ದನು. ಅಲ್ಲಿಂದ ಮರಳಿದ ಮೇಲೆ, ೧೯೫೬ನೆಯ ಇಸವಿಯ ಅಕ್ಟೋಬರ್ ೭ರಂದು ನ್ಯೂಯಾರ್ಕಿನಲ್ಲಿ ಹೃದಯಾಘಾತದಿಂದ ತೀರಿಕೊಂಡನು. ಅವನ ಚಿತಾಭಸ್ಮವನ್ನು ಗ್ಲಾಸ್ಟರಿನ ಕಡಲಿನಲ್ಲಿ ಬಿಟ್ಟರು.