ಗಣಿ ಹಳ್ಳಿಯ ಗೋಲು ವೀರ ಜಿಮ್ಮಿ ಕ್ವಿನ್



ಪ್ರತಿ ವರ್ಷ ಶಾಲೆಯ ಕ್ರೀಡಾಕೂಟ ಬಂದಾಗ ನೀವು ಒಬ್ಬ ಹುಡುಗನನ್ನು ಕಂಡೇ ಇರುತ್ತೀರಿ. ಸಂಜೆ ಹೊತ್ತು ಬಯಲಿನಲ್ಲಿ ಆಡುವಾಗ ಅವನಿಗೆ ಸರಿಸಾಟಿ ಯಾರೂ ಇರುವುದಿಲ್ಲ. ಆದರೆ ತಂಡಕ್ಕೆ ಹೆಸರು ಕೊಡು ಎಂದು ಮೇಷ್ಟ್ರು ಕರೆದರೆ ತಲೆ ತಗ್ಗಿಸಿ ಹಿಂದಿನ ಸಾಲಿಗೆ ಸರಿಯುತ್ತಾನೆ. ನಾಲ್ಕು ಜನರ ಮುಂದೆ ನಿಲ್ಲಲು ಅವನಿಗೆ ಸಂಕೋಚ. ಇಂಥ ಹುಡುಗರನ್ನು ನಾವು ಶಿಕ್ಷಕರು ಬಹುಪಾಲು ಮರೆತುಬಿಡುತ್ತೇವೆ. ಯಾರು ಮೊದಲು ಕೈ ಎತ್ತುತ್ತಾರೋ ಅವರ ಹೆಸರು ಪಟ್ಟಿಗೆ ಸೇರುತ್ತದೆ, ಪಟ್ಟಿ ಮುಗಿಯುತ್ತದೆ.

ಇಂದು ನಾನು ನಿಮಗೆ ಪರಿಚಯಿಸುತ್ತಿರುವುದು ಅಂಥ ಒಬ್ಬ ಹುಡುಗನನ್ನು. ಹುಟ್ಟಿದ್ದು ಸ್ಕಾಟ್ಲೆಂಡಿನ ಒಂದು ಪುಟ್ಟ ಹಳ್ಳಿಯಲ್ಲಿ, ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಆಡಿದ್ದು ಹತ್ತಾರು ಸಾವಿರ ಜನ ತುಂಬಿದ ಮೈದಾನಗಳಲ್ಲಿ. ಹೆಸರು ಜಿಮ್ಮಿ ಕ್ವಿನ್. ಆತ ಹೊಡೆದ ಗೋಲುಗಳ ಕಥೆ ರೋಚಕವಾಗಿದೆ. ಆದರೆ ಆ ಗೋಲುಗಳ ನಡುವೆ ಎದುರಾಳಿ ತಂಡದ ಒಬ್ಬ ಆಟಗಾರ ಹೇಳಿದ ಸತ್ಯದ ಕಥೆಯೂ ಇದೆ. ನೀವು ಓದಲೇಬೇಕಾದದ್ದು ಅದು.

ಗಣಿ ಹಳ್ಳಿಯ ಹುಡುಗ

ಗ್ಲಾಸ್ಗೋ ನಗರದಿಂದ ಎಡಿನ್‌ಬರೋ ಕಡೆಗೆ ಹೋಗುವ ರೈಲು ಮಾರ್ಗದಲ್ಲಿ ಕ್ರಾಯ್ ಎಂಬ ಹಳ್ಳಿಯಿದೆ. ಅಲ್ಲಿನ ಜನರ ಜೀವನಾಧಾರ ಆಗ ಕಲ್ಲಿದ್ದಲು ಗಣಿ. ಬಡತನ ತಾಳಲಾರದೆ ಐರ್ಲೆಂಡಿನಿಂದ ಬಂದು ನೆಲೆಸಿದ ಕ್ಯಾಥೊಲಿಕ್ ಕುಟುಂಬಗಳೇ ಅಲ್ಲಿ ಹೆಚ್ಚು. ಅಂಥ ಒಂದು ಕುಟುಂಬದಲ್ಲಿ 1878ರ ಜುಲೈ 8ರಂದು ಕ್ವಿನ್ ಹುಟ್ಟಿದ.

ಊರಿನ ಗಂಡುಮಕ್ಕಳಿಗೆ ಗಣಿಯ ದಾರಿ ಹುಟ್ಟಿನಿಂದಲೇ ಗೊತ್ತು. ಕ್ವಿನ್ ಕೂಡ ಭೂಮಿಯೊಳಗಿನ ಕತ್ತಲೆಗೆ ಇಳಿದ. ಕಲ್ಲಿದ್ದಲು ಅಗೆಯುವ ಆ ದುಡಿಮೆ ಅವನ ಭುಜಗಳನ್ನು ಅಗಲ ಮಾಡಿತು, ಕಾಲುಗಳಿಗೆ ಕಸುವು ತುಂಬಿತು. ಬಿಡುವಿನ ದಿನ ಸ್ಮಿತ್‌ಸ್ಟನ್ ಆಲ್ಬಿಯನ್ ಎಂಬ ಸ್ಥಳೀಯ ತಂಡದಲ್ಲಿ ಫುಟ್‌ಬಾಲ್ ಆಡುತ್ತಿದ್ದ. ಅದಕ್ಕಿಂತ ಹೆಚ್ಚಿನ ಆಸೆ ಅವನಿಗಿರಲಿಲ್ಲ.

ಒಬ್ಬ ಮುಖ್ಯೋಪಾಧ್ಯಾಯರು ಕಟ್ಟಿದ ಕ್ಲಬ್

ಇಲ್ಲಿ ನಾನು ನಿಮ್ಮನ್ನು ಸ್ವಲ್ಪ ಹೊತ್ತು ಗ್ಲಾಸ್ಗೋಗೆ ಕರೆದೊಯ್ಯಬೇಕು. ಕ್ವಿನ್ ಮುಂದೆ ಸೇರಿದ ಸೆಲ್ಟಿಕ್ ಕ್ಲಬ್ ಹುಟ್ಟಿದ್ದು ಹಣವಂತರ ಮನರಂಜನೆಗಾಗಿ ಅಲ್ಲ. ಆ ನಗರದ ಪೂರ್ವ ಭಾಗದಲ್ಲಿ ಐರ್ಲೆಂಡ್ ಮೂಲದ ಬಡವರು ಗುಂಪಾಗಿ ವಾಸಿಸುತ್ತಿದ್ದರು. ಅವರ ಮಕ್ಕಳು ಹಸಿದ ಹೊಟ್ಟೆಯಲ್ಲೇ ಶಾಲೆಗೆ ಬರುತ್ತಿದ್ದರು. ಅಲ್ಲಿನ ಸೇಕ್ರೆಡ್ ಹಾರ್ಟ್ ಶಾಲೆಯ ಮುಖ್ಯೋಪಾಧ್ಯಾಯರಾಗಿದ್ದ ಬ್ರದರ್ ವಾಲ್‌ಫ್ರಿಡ್ ಅವರು ಈ ಮಕ್ಕಳಿಗೆ ಊಟ ಕೊಡುವ ಯೋಜನೆಯೊಂದನ್ನು ನಡೆಸುತ್ತಿದ್ದರು. ಅದಕ್ಕೆ ಹಣ ಬೇಕಲ್ಲ? ಫುಟ್‌ಬಾಲ್ ಪಂದ್ಯಗಳ ಟಿಕೆಟ್ ಹಣದಿಂದ ಮಕ್ಕಳ ಊಟದ ಖರ್ಚು ತೂಗಿಸಬಹುದೆಂದು ಯೋಚಿಸಿ 1887ರಲ್ಲಿ ಅವರು ಈ ಕ್ಲಬ್ಬಿನ ಸ್ಥಾಪನೆಗೆ ಮುಂದಾದರು. 1888ರ ಮೇ ತಿಂಗಳಲ್ಲಿ ಅದು ತನ್ನ ಮೊದಲ ಪಂದ್ಯವನ್ನು ರೇಂಜರ್ಸ್ ತಂಡದ ವಿರುದ್ಧ ಆಡಿ 5–2ರಿಂದ ಗೆದ್ದಿತು.

ಮುಂದೆ ವಾಲ್‌ಫ್ರಿಡ್ ಅವರಿಗೆ ಲಂಡನ್ನಿಗೆ ವರ್ಗವಾಯಿತು. 1897ರಲ್ಲಿ ಕ್ಲಬ್ ಕಂಪನಿಯಾಯಿತು, ಮಕ್ಕಳ ಊಟದ ಕೆಲಸ ಹಿಂದೆ ಸರಿಯಿತು. ಆದರೂ ಈ ತಂಡ ನಮ್ಮದು ಎಂಬ ಭಾವನೆ ಗಣಿ ಕಾರ್ಮಿಕರ ಹಳ್ಳಿಗಳಲ್ಲಿ ಹಾಗೆಯೇ ಉಳಿಯಿತು. ವಲಸೆ ಬಂದವರನ್ನು ಊರಿನವರು ಅನುಮಾನದಿಂದ ನೋಡುತ್ತಿದ್ದ ಆ ದಿನಗಳಲ್ಲಿ ತಲೆಯೆತ್ತಿ ನಡೆಯಲು ಅವರಿಗೆ ಒಂದು ಕಾರಣ ಬೇಕಿತ್ತು.

ತಾಳ್ಮೆಯ ಫಲ

ಸೆಲ್ಟಿಕ್ ಮ್ಯಾನೇಜರ್ ವಿಲ್ಲಿ ಮೇಲಿ ಅವರ ಕಣ್ಣಿಗೆ ಕ್ವಿನ್ ಬಿದ್ದ. ಬೇರೆ ಯಾರಾದರೂ ಆಗಿದ್ದರೆ ಕುಣಿದಾಡುತ್ತಿದ್ದರು. ಕ್ವಿನ್ ಮಾತ್ರ ಹಿಂದೆಗೆದ. ದೊಡ್ಡ ಊರು, ದೊಡ್ಡ ಜನಸಂದಣಿ ತನ್ನಂಥವನಿಗಲ್ಲ ಎಂಬುದು ಅವನ ನಂಬಿಕೆ. ಮೇಲಿ ಅವರು ಬಿಡಲಿಲ್ಲ. ಬೆನ್ನು ಹತ್ತಿ ಒಪ್ಪಿಸಿದರು. 1901ರ ಆರಂಭದಲ್ಲಿ ಕ್ವಿನ್ ಸೆಲ್ಟಿಕ್ ಪರ ಕಣಕ್ಕಿಳಿದ.

ಬಂದ ಕೂಡಲೇ ಮಿಂಚಿದ ಎಂದು ನೀವು ಊಹಿಸಿದರೆ ಅದು ತಪ್ಪು. ಮೊದಲ ಮೂರು ವರ್ಷ ಆತನನ್ನು ಹೆಚ್ಚಾಗಿ ಎಡ ಅಂಚಿನಲ್ಲಿ ಆಡಿಸಿದರು. ಒಳ್ಳೆಯ ಆಟ ಒಂದು ದಿನ ಬಂದರೆ ಸಪ್ಪೆ ಆಟ ನಾಲ್ಕು ದಿನ. ಪ್ರೇಕ್ಷಕರು ಗೊಣಗಿದರು. ಆದರೆ ಮೇಲಿ ಅವರು ತಾಳ್ಮೆ ಕಳೆದುಕೊಳ್ಳಲಿಲ್ಲ. ಉರ್ದುವಿನಲ್ಲಿ ನಾವು ಸಬ್ರ್ ಎನ್ನುತ್ತೇವಲ್ಲ, ಅದು ಕಲಿಯುವವನಿಗೆ ಎಷ್ಟು ಬೇಕೋ ಕಲಿಸುವವನಿಗೂ ಅಷ್ಟೇ ಬೇಕು.

ಹ್ಯಾಂಪ್ಡನ್‌ನ ಆ ದಿನ

1904ರ ಏಪ್ರಿಲ್ 16. ಹೊಸದಾಗಿ ಕಟ್ಟಿದ ಹ್ಯಾಂಪ್ಡನ್ ಪಾರ್ಕ್ ಮೈದಾನದಲ್ಲಿ ಸ್ಕಾಟಿಷ್ ಕಪ್ ಫೈನಲ್. ಒಂದು ಕಡೆ ಸೆಲ್ಟಿಕ್, ಇನ್ನೊಂದು ಕಡೆ ರೇಂಜರ್ಸ್. ನೋಡಲು ಬಂದವರು 60 ಸಾವಿರಕ್ಕೂ ಹೆಚ್ಚು. ಸೆಲ್ಟಿಕ್ ತಂಡದ ಮಧ್ಯದ ಮುನ್ನಡೆ ಆಟಗಾರ ಅಲೆಕ್ ಬೆನೆಟ್ ರೇಂಜರ್ಸ್ ಕಡೆ ಹೋಗುತ್ತಾನೆಂಬ ಗಾಳಿಸುದ್ದಿ ಹಬ್ಬಿತ್ತು. ಆತ ಆ ದಿನ ಆಡಲಿಲ್ಲ. ಆ ಜಾಗಕ್ಕೆ, ಅಂದರೆ ಸೆಂಟರ್ ಫಾರ್ವರ್ಡ್ ಸ್ಥಾನಕ್ಕೆ, ಮೇಲಿ ಅವರು ಕ್ವಿನ್‌ನನ್ನು ತಂದು ನಿಲ್ಲಿಸಿದರು.

ಆಟ ಶುರುವಾಗಿ ಹೆಚ್ಚು ಹೊತ್ತಾಗಿರಲಿಲ್ಲ, ರೇಂಜರ್ಸ್ ತಂಡದ ಫಿನ್ಲೆ ಸ್ಪೀಡಿ ಎರಡು ಗೋಲು ಹೊಡೆದುಬಿಟ್ಟ. ಪಂದ್ಯ ಕೈಬಿಟ್ಟಿತು ಎಂದು ಸೆಲ್ಟಿಕ್ ಬೆಂಬಲಿಗರು ನಿಟ್ಟುಸಿರಿಟ್ಟರು. ಆಗ ಕ್ವಿನ್ ಎದ್ದುನಿಂತ. ಭುಜ ಮುಂದೆ ಮಾಡಿ, ರಕ್ಷಣಾ ಆಟಗಾರರನ್ನು ಸರಿಸುತ್ತಾ ನುಗ್ಗಿ ಮೊದಲ ಗೋಲು ಹೊಡೆದ. ವಿರಾಮಕ್ಕೆ ಮುಂಚೆಯೇ ಎರಡನೆಯದು. ದ್ವಿತೀಯಾರ್ಧ ಮುಗಿಯುತ್ತಾ ಬಂದಾಗ ಮೂರನೆಯದು. ಸೆಲ್ಟಿಕ್ 3, ರೇಂಜರ್ಸ್ 2. ಸ್ಕಾಟಿಷ್ ಕಪ್ ಫೈನಲಿನಲ್ಲಿ ಅಂಥ ಹ್ಯಾಟ್ರಿಕ್ ಮತ್ತೆ ಬರಲು 68 ವರ್ಷ ಹಿಡಿಯಿತು. 1972ರಲ್ಲಿ ಅದೇ ಸೆಲ್ಟಿಕ್ ತಂಡದ ಡಿಕ್ಸಿ ಡೀನ್ಸ್ ಅದನ್ನು ಸಾಧಿಸಿದ.

ಅಂದಿನ ಆಟ ಇಂದಿನಂತಲ್ಲ ಎಂಬುದನ್ನು ವಿದ್ಯಾರ್ಥಿಗಳು ಗಮನಿಸಬೇಕು. ಗಾಯವಾದರೆ ಬದಲಿ ಆಟಗಾರನಿಲ್ಲ. ಚರ್ಮದ ಚೆಂಡು ಮಳೆಯಲ್ಲಿ ನೆನೆದರೆ ಕಲ್ಲಿನಂತೆ ಭಾರ. ಭುಜದಿಂದ ಗುದ್ದಿ ಎದುರಾಳಿಯನ್ನು, ಗೋಲ್‌ಕೀಪರನನ್ನು ಸಹ, ಸರಿಸುವುದಕ್ಕೆ ನಿಯಮದಲ್ಲೇ ಅವಕಾಶವಿತ್ತು. ಆಫ್‌ಸೈಡ್ ಆಗದಿರಲು ಮುನ್ನಡೆ ಆಟಗಾರನ ಮುಂದೆ ಎದುರಾಳಿಗಳು ಮೂವರಿರಬೇಕಿತ್ತು. ಅದು ಇಬ್ಬರಿಗೆ ಇಳಿದದ್ದು 1925ರಲ್ಲಿ. ಹೀಗಾಗಿ ಗೋಲು ಹೊಡೆಯುವುದು ಇನ್ನೂ ಕಷ್ಟ. ಕ್ವಿನ್ ಆಡಿದ್ದು, ಹೊಡೆತ ತಿಂದದ್ದು ಅಂಥ ಕಾಲದಲ್ಲಿ.

ಎದುರಾಳಿಯ ಸಾಕ್ಷಿ

ಈಗ ನಾನು ಮೊದಲೇ ಹೇಳಿದ ಆ ಘಟನೆಗೆ ಬರೋಣ. 1905ರ ಮಾರ್ಚ್ 25. ಮತ್ತೆ ಸೆಲ್ಟಿಕ್ ಮತ್ತು ರೇಂಜರ್ಸ್, ಈ ಬಾರಿ ಕಪ್ಪಿನ ಸೆಮಿಫೈನಲ್. ರೇಂಜರ್ಸ್ 2–0ರಿಂದ ಮುಂದಿತ್ತು. ಆಟ ಮುಗಿಯಲು ಸ್ವಲ್ಪ ಹೊತ್ತಿರುವಾಗ ಕ್ವಿನ್ ಮತ್ತು ರೇಂಜರ್ಸ್ ಆಟಗಾರ ಅಲೆಕ್ ಕ್ರೇಗ್ ನಡುವೆ ಜಗ್ಗಾಟವಾಯಿತು. ಬೀಳುತ್ತಿದ್ದ ಕ್ರೇಗ್ ಕ್ವಿನ್‌ನ ಕಾಲು ಹಿಡಿದುಕೊಂಡ. ಕ್ವಿನ್ ಬಿಡಿಸಿಕೊಳ್ಳಲು ಕಾಲು ಕೊಡವಿದ. ದೂರದಿಂದ ನೋಡಿದ ರೆಫರಿಗೆ ಅದು ಒದ್ದಂತೆ ಕಂಡಿತು. ಕ್ವಿನ್‌ನನ್ನು ಮೈದಾನದಿಂದ ಹೊರಗೆ ಕಳಿಸಿದರು.

ಕೆರಳಿದ ಪ್ರೇಕ್ಷಕರು ಮೈದಾನಕ್ಕೆ ನುಗ್ಗಿದರು. ಪಂದ್ಯ ನಿಂತುಹೋಯಿತು. ಸೆಲ್ಟಿಕ್ ಸೋಲೊಪ್ಪಿತು. ವಿಚಾರಣೆ ಸ್ಕಾಟಿಷ್ ಫುಟ್‌ಬಾಲ್ ಸಂಸ್ಥೆಯ ಮುಂದೆ ಹೋಯಿತು.

ಓದುಗರೇ, ಕ್ರೇಗ್ ಸ್ಥಾನದಲ್ಲಿ ನಿಮ್ಮನ್ನು ಇಟ್ಟುಕೊಂಡು ಯೋಚಿಸಿ. ಎರಡು ತಂಡಗಳ ನಡುವೆ ಆಟದ ಪೈಪೋಟಿ ಮಾತ್ರವಲ್ಲ, ಧರ್ಮ ಮತ್ತು ಮೂಲದ ಬಿರುಕೂ ಬೆಳೆಯುತ್ತಿದ್ದ ಕಾಲ ಅದು. ಎದುರಾಳಿಯ ಅತ್ಯುತ್ತಮ ಆಟಗಾರ ಶಿಕ್ಷೆಗೆ ಒಳಗಾದರೆ ತನ್ನ ತಂಡಕ್ಕೇ ಲಾಭ. ಸುಳ್ಳು ಹೇಳಬೇಕಾಗಿಯೂ ಇರಲಿಲ್ಲ, ಬಾಯಿ ಮುಚ್ಚಿಕೊಂಡಿದ್ದರೆ ಸಾಕಿತ್ತು. ಕ್ರೇಗ್ ಹಾಗೆ ಮಾಡಲಿಲ್ಲ. ಕ್ವಿನ್ ತನ್ನನ್ನು ಒದೆಯಲಿಲ್ಲ ಎಂದು ಕ್ವಿನ್ ಪರವಾಗಿ ಹೇಳಿದ.

ಆದರೂ ಸಂಸ್ಥೆ ರೆಫರಿಯ ವರದಿಯನ್ನೇ ಎತ್ತಿಹಿಡಿದು ಕ್ವಿನ್‌ನನ್ನು ಒಂದು ತಿಂಗಳು ಅಮಾನತು ಮಾಡಿತು. ಘಟನೆಯ ಬಗ್ಗೆ ಒಂದು ಪತ್ರಿಕೆ ಕಟುವಾಗಿ ಬರೆದಾಗ ಕ್ವಿನ್ ಮಾನನಷ್ಟ ಮೊಕದ್ದಮೆ ಹೂಡಿದ. ತೀರ್ಪು ಅವನ ಕಡೆಗೇ ಬಂತು. ಪರಿಹಾರವಾಗಿ ಸಿಕ್ಕಿದ್ದು ಒಂದೇ ಒಂದು ಶಿಲ್ಲಿಂಗ್! ಅಂದರೆ ಆಟದ ಸಂಸ್ಥೆಯೂ ನ್ಯಾಯಾಲಯವೂ ಅವನಿಗೆ ಪೂರ್ಣ ಇನ್ಸಾಫ್ ಕೊಡಲಿಲ್ಲ. ಕೊಟ್ಟವನು ಎದುರಾಳಿ ಮಾತ್ರ.

ಕ್ವಿನ್ ಸಂತನಾಗಿದ್ದ ಎಂದು ನಾನು ಹೇಳುತ್ತಿಲ್ಲ. ಆತನ ಆಟ ಒರಟು. 1907ರ ಹೊಸ ವರ್ಷದ ದಿನ ಮತ್ತೆ ರೇಂಜರ್ಸ್ ವಿರುದ್ಧವೇ ಆತನನ್ನು ಹೊರಗೆ ಕಳಿಸಲಾಯಿತು, ಈ ಸಲ ಎರಡು ತಿಂಗಳ ಅಮಾನತು. ಅಭಿಮಾನಿಗಳು ನಿಧಿ ಕೂಡಿಸಿ ಆತನ ಬೆಂಬಲಕ್ಕೆ ನಿಂತರು. ಕೊಡುವ ಏಟಿಗಿಂತ ತಿನ್ನುವ ಏಟು ಹೆಚ್ಚು ಎಂಬುದನ್ನು ಅವರು ಪ್ರತಿ ವಾರ ಕಣ್ಣಾರೆ ನೋಡುತ್ತಿದ್ದರು.

ಆರು ವರ್ಷ, ಆರು ಪ್ರಶಸ್ತಿ

1905ರಿಂದ 1910ರವರೆಗೆ ಸೆಲ್ಟಿಕ್ ಸತತವಾಗಿ ಆರು ಬಾರಿ ಸ್ಕಾಟಿಷ್ ಲೀಗ್ ಗೆದ್ದಿತು. 1907ರಲ್ಲಿ ಲೀಗ್ ಮತ್ತು ಕಪ್ ಎರಡನ್ನೂ ಒಂದೇ ಋತುವಿನಲ್ಲಿ ಗೆದ್ದು ಸ್ಕಾಟ್ಲೆಂಡಿನಲ್ಲಿ ಆ ಸಾಧನೆ ಮಾಡಿದ ಮೊದಲ ತಂಡವಾಯಿತು. ಬೆನೆಟ್, ಮೆಕ್‌ಮೆನೆಮಿ, ಕ್ವಿನ್, ಸೋಮರ್ಸ್, ಹ್ಯಾಮಿಲ್ಟನ್ ಎಂಬ ಐವರ ಮುನ್ನಡೆ ಸಾಲನ್ನು ಅಲ್ಲಿನ ಮಕ್ಕಳು ಮಗ್ಗಿಯಂತೆ ಬಾಯಿಪಾಠ ಮಾಡಬಹುದಿತ್ತು. ಜಾಣ್ಮೆಯಿಂದ ಚೆಂಡು ಹಂಚಲು ಮೆಕ್‌ಮೆನೆಮಿ ಇದ್ದ, ನುಗ್ಗಿ ಕೆಲಸ ಮುಗಿಸಲು ಕ್ವಿನ್ ಇದ್ದ.

ಸ್ಕಾಟ್ಲೆಂಡ್ ಪರವಾಗಿ ಕ್ವಿನ್ 11 ಪಂದ್ಯಗಳಲ್ಲಿ 7 ಗೋಲು ಗಳಿಸಿದ. ಅವುಗಳಲ್ಲಿ ನಾಲ್ಕು 1908ರಲ್ಲಿ ಡಬ್ಲಿನ್‌ನಲ್ಲಿ ಐರ್ಲೆಂಡ್ ವಿರುದ್ಧ ಒಂದೇ ಪಂದ್ಯದಲ್ಲಿ ಬಂದವು. 1910ರಲ್ಲಿ ಇಂಗ್ಲೆಂಡನ್ನು 2–0ರಿಂದ ಸೋಲಿಸಿದಾಗ ಎರಡು ಗೋಲುಗಳನ್ನು ಹೊಡೆದವರು ಮೆಕ್‌ಮೆನೆಮಿ ಮತ್ತು ಕ್ವಿನ್.

ಎಲ್ಲ ದಿನಗಳೂ ಸಂಭ್ರಮದ ದಿನಗಳಾಗಿರಲಿಲ್ಲ. 1909ರ ಕಪ್ ಫೈನಲ್ ರೇಂಜರ್ಸ್ ವಿರುದ್ಧ 2–2ರ ಸಮಬಲದಲ್ಲಿ ಮುಗಿಯಿತು. ಮರುಪಂದ್ಯದಲ್ಲಿ ಕ್ವಿನ್ ಹೊಡೆದ ಗೋಲಿನಿಂದ ಅದೂ 1–1 ಆಯಿತು. ಹೆಚ್ಚುವರಿ ಆಟ ಇರುತ್ತದೆಂದು ಜನ ಕಾದರು, ಇರಲಿಲ್ಲ. ಎರಡೂ ಕಡೆಯ ಬೆಂಬಲಿಗರು ರೊಚ್ಚಿಗೆದ್ದು ಟಿಕೆಟ್ ಕೊಡುವ ಗೂಡುಗಳಿಗೆ ಬೆಂಕಿ ಹಚ್ಚಿದರು, ಪೊಲೀಸರೊಡನೆ ಹೊಡೆದಾಡಿದರು. ಆ ವರ್ಷ ಕಪ್ ಯಾರಿಗೂ ಸಿಗಲಿಲ್ಲ. ಆಟಗಾರರು ಎರಡು ದಿನ ಬೆವರು ಸುರಿಸಿ ಸಮಬಲ ಸಾಧಿಸಿದ್ದರು. ಅದನ್ನು ಬೂದಿ ಮಾಡಿದವರು ನೋಡಲು ಬಂದವರು.

ಮತ್ತೆ ಕ್ರಾಯ್‌ಗೆ

ವರ್ಷ ಕಳೆದಂತೆ ತಿಂದ ಏಟುಗಳು ಕಾಲುಗಳಲ್ಲಿ ಉಳಿದವು. 1915ರ ಹೊತ್ತಿಗೆ ಕ್ವಿನ್ ಆಟ ಮುಗಿಯಿತು. 300ಕ್ಕೂ ಹೆಚ್ಚು ಪಂದ್ಯಗಳು, 200ಕ್ಕೂ ಹೆಚ್ಚು ಗೋಲುಗಳು, ಅವುಗಳಲ್ಲಿ ಲೀಗ್ ಪಂದ್ಯಗಳದ್ದೇ 187. ಆಡಿದ್ದೆಲ್ಲ ಒಂದೇ ಕ್ಲಬ್ಬಿಗೆ.

ಇಷ್ಟು ಹೆಸರು ಮಾಡಿದವನು ಮುಂದೇನು ಮಾಡಿದ ಗೊತ್ತೇ? ತನ್ನ ಹಳ್ಳಿಯ ಗಣಿ ಕೆಲಸಕ್ಕೇ ಮರಳಿದ. ಆಡುವ ದಿನಗಳಲ್ಲೂ ಆತ ಕ್ರಾಯ್ ಬಿಟ್ಟಿರಲಿಲ್ಲ. 1945ರ ನವೆಂಬರ್ 20ರಂದು, 67ನೆಯ ವಯಸ್ಸಿನಲ್ಲಿ, ಅದೇ ಊರಿನಲ್ಲಿ ಕಣ್ಣು ಮುಚ್ಚಿದ. ಮುಂದೆ ಅದೇ ಹೆಸರಿನ ಮೊಮ್ಮಗ ಕೂಡ ಸೆಲ್ಟಿಕ್ ಪರ ಆಡಿದ.

ನಮ್ಮ ದೇಶದ ಓದುಗರಿಗೆ ಇನ್ನೊಂದು ಮಾತು ಹೇಳಲೇಬೇಕು. ಕ್ವಿನ್‌ನನ್ನು ಹಳ್ಳಿಯಿಂದ ಕರೆತಂದ ಅದೇ ವಿಲ್ಲಿ ಮೇಲಿ ಅವರು 1936ರಲ್ಲೂ ಸೆಲ್ಟಿಕ್ ಮ್ಯಾನೇಜರ್ ಆಗಿದ್ದರು. ಆ ವರ್ಷ ಕೋಲ್ಕತ್ತದ ಮೊಹಮ್ಮಡನ್ ಸ್ಪೋರ್ಟಿಂಗ್ ಕ್ಲಬ್ಬಿನ ಮೊಹಮ್ಮದ್ ಸಲೀಂ ಗ್ಲಾಸ್ಗೋಗೆ ಹೋದರು. ಬೂಟು ತೊಡದೆ, ಪಾದಗಳಿಗೆ ಬ್ಯಾಂಡೇಜ್ ಸುತ್ತಿಕೊಂಡು ಸೆಲ್ಟಿಕ್ ಮೀಸಲು ತಂಡದಲ್ಲಿ ಆಡಿ ಜನರನ್ನು ಬೆರಗುಗೊಳಿಸಿದರು. ಬೂಟಿಲ್ಲದವನನ್ನು ಬಾಗಿಲಲ್ಲೇ ತಡೆಯದೆ, ಮೊದಲು ಆಟ ನೋಡೋಣ ಎಂದುಕೊಂಡ ಆ ಮ್ಯಾನೇಜರರ ಕಣ್ಣು ಕ್ರಾಯ್‌ನ ಸಂಕೋಚದ ಹುಡುಗನಲ್ಲಿ ಆಟಗಾರನನ್ನು ಕಂಡ ಕಣ್ಣೇ ಅಲ್ಲವೇ?

ಪ್ರಿಯ ವಿದ್ಯಾರ್ಥಿಗಳೇ, ನಿಮ್ಮಲ್ಲಿ ಎಲ್ಲರೂ ಕ್ವಿನ್ ಆಗಲಾರಿರಿ. ಅಷ್ಟು ಗೋಲು ಹೊಡೆಯುವ ಕಾಲು ಎಲ್ಲರಿಗೂ ಇರುವುದಿಲ್ಲ. ಆದರೆ ಅಲೆಕ್ ಕ್ರೇಗ್ ಆಗಲು ಯಾರಿಗೂ ಅಡ್ಡಿಯಿಲ್ಲ. ಆಟದಲ್ಲೋ ತರಗತಿಯಲ್ಲೋ ನಿಮ್ಮ ಪ್ರತಿಸ್ಪರ್ಧಿಯ ಮೇಲೆ ತಪ್ಪು ಆರೋಪ ಬಂದಾಗ, ನಿಜ ಏನೆಂದು ನಿಮಗೊಬ್ಬರಿಗೇ ಗೊತ್ತಿರುವಾಗ, ಎದ್ದುನಿಂತು ಹೇಳಿ. ಶಿಕ್ಷೆ ತಪ್ಪದೇ ಹೋಗಬಹುದು. ಕ್ರೇಗ್ ಹೇಳಿದಾಗಲೂ ತಪ್ಪಲಿಲ್ಲ. ಆದರೆ ನೂರು ವರ್ಷ ಕಳೆದ ಮೇಲೂ ಕ್ವಿನ್‌ನ ಕಥೆ ಹೇಳುವವರು ಕ್ರೇಗ್‌ನ ಹೆಸರು ಬಿಟ್ಟು ಹೇಳಲಾರರು.

ಇನ್ನು ನನ್ನ ಶಿಕ್ಷಕ ಬಂಧುಗಳಲ್ಲಿ ಒಂದು ವಿನಂತಿ. ಮುಂದಿನ ಕ್ರೀಡಾಕೂಟದ ಪಟ್ಟಿ ಬರೆಯುವಾಗ ಹಿಂದಿನ ಸಾಲಿನ ಕಡೆಗೂ ಒಮ್ಮೆ ನೋಡಿ.